ನಗು ಬೀಳದ ಕಂತು

ನಮ್ಮೂರ ನಗರಸಭೆಯ ಕಚೇರಿಯೇ ಒಂದು ಟಿವಿ ಧಾರಾವಾಹಿ; ನೋಡುವವರು ನಕ್ಕರೆ ಆ ನಗು ಕಚೇರಿಯ ಚಾವಣಿಯಿಂದ ಬೀಳುತ್ತದೆ, ಬೂರುಗದ ಹತ್ತಿಯ ಹಾಗೆ ಬೆಳ್ಳಗೆ, ಮೆಲ್ಲಗೆ. ಅದು ಬಿದ್ದರೆ ದೃಶ್ಯ ಮುಗಿಯಿತು. ಬೀಳುವ ತನಕ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ.

ಈ ಸೀಸನ್ನಿನ ಹನ್ನೊಂದು ಕಂತಿನಲ್ಲೂ ನಾನು ಹೋಗಿ ಕೂಗಾಡಿದ್ದೇನೆ, ನಮ್ಮ ಬೀದಿಗೆ ನಲ್ಲಿ ಕೊಡಿ ಅಂತ. ನನ್ನ ಸಿಟ್ಟು ಕಂಡರೆ ಊರಿಗೆಲ್ಲ ನಗು. ಕಮಿಷನರ್ ಚನ್ನವೀರಯ್ಯ ಹೆಗಲ ಮೇಲಿನ ಹತ್ತಿ ಕೊಡವಿಕೊಂಡು ಒಳಗೆ ಹೋಗಿಬಿಡುತ್ತಾರೆ. ನಮ್ಮ ನಲ್ಲಿಯ ಕಡತ ಮೇಜಿನ ಮೇಲೇ ಉಳಿಯುತ್ತದೆ.

ಇವತ್ತು ಕೊನೆಯ ಕಂತು. ನಾಳೆಯಿಂದ ಮುಂದಿನ ಸೀಸನ್ನಿನವರೆಗೆ ಕಚೇರಿಗೆ ಬೀಗ.

ನಗು ಗುಡಿಸುವ ತಿಪ್ಪಮ್ಮ ಬಾಗಿಲಲ್ಲೇ ತಡೆದಳು. "ಲೋ ಮಾರೆಪ್ಪ, ಇವತ್ತಾದ್ರೂ ಬಾಯಿ ಮಾಡಬ್ಯಾಡ. ನೀ ಕುಣಿದಷ್ಟೂ ನನಗೆ ಕಸ, ಅವರಿಗೆ ರಜಾ."

"ಬಂದ ನೋಡ್ರಿ ನಮ್ಮ ಪಟಾಕಿ," ಎಂದರು ಕಮಿಷನರ್. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಚಾವಣಿ ಆಗಲೇ ಮಿಸುಕಾಡಿತು.

ಹಲ್ಲು ಕಚ್ಚಿ ಕುಳಿತೆ. "ಸಾರ್, ಹೋದ ವಾರ ನಮ್ಮ ಬೀದೀಲಿ ಒಂದು ಕೂಸು ಹುಟ್ಟಿತು. ಅದನ್ನ ತೊಳೆಯೋಕೆ ಪಕ್ಕದ ಬೀದೀಲಿ ಮನೆಮನೆ ಬಾಗಿಲು ತಟ್ಟಿ ನೀರು ತಂದ್ವಿ."

ಅಷ್ಟೇ ಹೇಳಿದೆ. ಏನೂ ಬೀಳಲಿಲ್ಲ. ಕಮಿಷನರ್ ಮೇಲೆ ನೋಡಿದರು, ಕೆಮ್ಮಿದರು, ತಮ್ಮ ಹಳೇ ಜೋಕು ಹೇಳಿದರು. ಒಂದು ಎಳೆಯೂ ಇಳಿಯಲಿಲ್ಲ. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆ ಹತ್ತಿತು. ಅವರೂ ಏಳಲಿಲ್ಲ, ನಾನೂ ಏಳಲಿಲ್ಲ.

ಮಾಡಲು ಬೇರೇನೂ ಇಲ್ಲದೆ ಅವರು ಕಡತದ ದಾರ ಬಿಚ್ಚಿದರು.

"ಎಷ್ಟು ಮನೆ ಅಂದಿ ನಿಮ್ಮ ಬೀದೀಲಿ?" ಎನ್ನುತ್ತ ಪೆನ್ನು ಹುಡುಕತೊಡಗಿದರು.