ಬೀರಮ್ಮನ ಬೆರಳು

ಸೊಸೆ ಲತ ಕೈಚೀಲದಿಂದ ಕಡಲೆಬೀಜ ಅರೆದ ಪುಟ್ಟ ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟದ್ದೇ ತಡ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಬೀರಮ್ಮ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಅಕ್ಕನಿಗೆ ಅಲರ್ಜಿ ಅಂದಮೇಲೆ ತಮ್ಮನಿಗೆ ನನ್ನ ಕಣ್ಣೆದುರಿಗೇ ತಿನ್ನಿಸಿ ನೋಡೋಣ. ಇದುವರೆಗೂ ಕೊಟ್ಟಿಲ್ಲ ತಾನೇ?" ಎಂದರು ಕೆ.ಆರ್. ಪೇಟೆಯ ಮಕ್ಕಳ ಡಾಕ್ಟರು.

"ಮನೆ ಒಳಗೇ ತರಾಕಿಲ್ಲ ಸಾ ನಾವು. ಇದ್ನೂ ನೀವ್ ಏಳಿದ್ಕೆ ಹೊರಗೇ ಅರೆಸ್ಕಂಡ್ ಬಂದೆ," ಎಂದಳು ಲತ. ಬೀರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು.

ಮನೆಯವರು ಉಣ್ಣುವುದನ್ನೆಲ್ಲ ಹಲ್ಲು ಮೂಡುವ ಮುಂಚೆಯೇ ಕೂಸಿನ ನಾಲಗೆಗೆ ಬೆರಳ ತುದಿಯಲ್ಲಿ ಮುಟ್ಟಿಸುವುದು ಅವಳ ಕಡೆಯ ರೂಢಿ. ಮೊಮ್ಮಗಳು ಮೇಘನ ಹುಟ್ಟಿದಾಗ ಸೊಸೆ ಬೇಡವೆಂದಳು, ಬೀರಮ್ಮ ಸುಮ್ಮನಾದಳು. ಡಬ್ಬದ ಪುಡಿ, ಬಿಸ್ಕತ್ತಿನಲ್ಲೇ ಬೆಳೆದ ಹುಡುಗಿ ಮೂರನೇ ವರ್ಷದಲ್ಲಿ ಒಂದು ಕಡಲೆ ಮಿಠಾಯಿ ತಿಂದಳು ನೋಡಿ, ಮೈಯೆಲ್ಲ ಗಂದೆ ಎದ್ದು, ತುಟಿ ಊದಿ, ಅಯ್ಯಯ್ಯೋ, ಆ ಮುಖವನ್ನು ಮುದುಕಿ ಈಗಲೂ ಮರೆತಿಲ್ಲ. ಅದಕ್ಕೇ ಈ ಸಲ ಯಾರನ್ನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಪಕ್ಕದ ಮಂಚಮ್ಮನ ಮನೆಗೆ ಹೋಗುತ್ತಿದ್ದಳು, ಕೈ ತೊಳೆದುಕೊಂಡು ಬರುತ್ತಿದ್ದಳು. ಸೊಸೆಗೆ ಗೊತ್ತಾದರೆ ಇನ್ನು ಕೂಸನ್ನು ಮುಟ್ಟಲೂ ಬಿಡುವುದಿಲ್ಲ ಎಂಬುದೊಂದೇ ಅವಳ ಭಯ.

ಲತ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಚಾಚಿದಳು. ಕೂಸು ಬಾಯಿ ಬಿಗಿದುಕೊಂಡಿತು. ಮತ್ತೆ ಚಾಚಿದಳು, ಮುಖ ತಿರುಗಿಸಿತು. ಆಮೇಲೆ ಅದೇನು ವಾಸನೆ ಹತ್ತಿತೋ, ಅಜ್ಜಿಯ ತೋರುಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಡಬ್ಬಿಯ ಕಡೆ ಎಳೆದು, ಬಾಯನ್ನು ಅಷ್ಟಗಲ ತೆರೆಯಿತು!

ಡಾಕ್ಟರು ಕನ್ನಡಕ ತೆಗೆದರು. "ಎಷ್ಟು ದಿನದಿಂದ ನೆಕ್ಕಿಸ್ತಿದ್ದೀರಿ ಅಜ್ಜಿ?"

"ನಾಕ್ ತಿಂಗ್ಳಾಯ್ತು ಕಣಪ್ಪ."

"ಎಂಥಾ ಕೆಲಸ ಮಾಡಿದ್ರಿ! ಏನಾದ್ರೂ ಹೆಚ್ಚುಕಮ್ಮಿ ಆಗಿದ್ದಿದ್ರೆ?" ಎಂದು ಗದರಿಸಿದ ಡಾಕ್ಟರು ಮಗುವಿನ ಬಾಯಿ, ಬೆನ್ನು, ಹೊಟ್ಟೆ ಎಲ್ಲ ತಿರುಗಿಸಿ ನೋಡಿದರು. ಒಂದು ದದ್ದೂ ಇರಲಿಲ್ಲ. "ಇವನಿಗೇನೂ ಆಗಲ್ಲ ಅನ್ನಿಸುತ್ತೆ. ಆದ್ರೂ ನನ್ನ ಮುಂದೆ ತಿನ್ನಲಿ."

ಲತಳ ಕಣ್ಣಲ್ಲಿ ನೀರು ತುಂಬಿತ್ತು. "ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ ಅತ್ತೆ?"

"ಏಳಿದ್ರೆ ನೀನ್ ಬುಡ್ತಿದ್ಯಾ ಕಣವ್ವ?"

ಲತ ಚಮಚವನ್ನು ಒರೆಸಿ ಚೀಲಕ್ಕೆ ಹಾಕಿ, ಕೂಸನ್ನು ತಾನೆತ್ತಿಕೊಂಡಳು. ಬೀರಮ್ಮನ ಮಡಿಲು ಬರಿದಾಯಿತು.

"ಅಲ್ಲಿ ನಲ್ಲಿ ಐತೆ," ಎಂದಳು ಲತ ಮೂಗೊರೆಸಿಕೊಳ್ಳುತ್ತ. "ಕೈ ತೊಳ್ಕಂಡು ಬನ್ನಿ ಅತ್ತೆ. ನನ್ ಕೈಲಿ ತಿನ್ನಾಕಿಲ್ಲ ಇವ್ನು."