ಪಕ್ಕಕ್ಕೆ ಜಾರಿದ ಕಾಲಾಣೆ

ಹುಣಸೆಹಣ್ಣು ಹಾಕಿ ತಾಮ್ರದ ಚೊಂಬು ತಿಕ್ಕುವಾಗ ಏಳುವ ಹುಳಿ ವಾಸನೆ ಈಗಲೂ ನನ್ನನ್ನು ಕುಣಿಗಲ್‌ನ ಅಜ್ಜಿ ಮನೆಗೆ ಕರೆದೊಯ್ಯುತ್ತದೆ.

ಮದುವೆಯ ಹೊಸತರಲ್ಲಿ ತಾತ ಕೊಟ್ಟಿದ್ದ ತಾಮ್ರದ ಕಾಲಾಣೆಯನ್ನು ಅಜ್ಜಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಅಜ್ಜಿಯ ಹಿರಿಯ ಅಳಿಯ, ತುಮಕೂರಿನ ನಮ್ಮ ದೊಡ್ಡಪ್ಪನಿಗೆ ಹಳೇ ನಾಣ್ಯಗಳ ಹುಚ್ಚು. ಒಂದು ಬೇಸಿಗೆ ರಜೆಯಲ್ಲಿ ಅದನ್ನು ಭೂತಗನ್ನಡಿಯಲ್ಲಿ ನೋಡಿದವರು ಊಟಕ್ಕೂ ಏಳಲಿಲ್ಲ. ನಾಣ್ಯ ಮಾಡುವಾಗಲೇ ಅಚ್ಚು ಪಕ್ಕಕ್ಕೆ ಜಾರಿ, ಅಂಚಿನಲ್ಲಿ ಉಗುರಿನಷ್ಟು ಜಾಗ ಬೋಳಾಗಿ ಉಳಿದಿತ್ತು.

“ಈ ತಪ್ಪಿಗೇ ಬೆಲೆ ಅತ್ತೆ. ಭಾನುವಾರ ಒಬ್ರನ್ನ ಕರ್ಕೊಂಡ್ ಬರ್ತೀನಿ, ಒಳ್ಳೆ ರೇಟ್ ಕೊಡ್ತಾರೆ. ಅಲ್ಲೀವರ್ಗೂ ತೊಳೀಬೇಡಿ. ಈ ಕಪ್ಪು ಹೋದ್ರೆ ಬೆಲೆನೂ ಹೋಗುತ್ತೆ.”

ಅಳಿಯನಿಗೆ ಎಂದೂ ಎದುರಾಡದ ಅಜ್ಜಿ “ಆಗ್ಲಪ್ಪ” ಎಂದಳು.

ಶನಿವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಚ್ಚಲಿನಿಂದ ಹುಳಿ ವಾಸನೆ ಬಂತು.

ಮರುದಿನ ದೊಡ್ಡಪ್ಪನ ಜೊತೆ ಬಂದವರು ಕೆಂಪಗೆ ಥಳಥಳಿಸುತ್ತಿದ್ದ ನಾಣ್ಯವನ್ನು ಒಮ್ಮೆ ತಿರುಗಿಸಿ ನೋಡಿ, ಬೇಡವೆಂದು ತಲೆಯಾಡಿಸಿ ತಟ್ಟೆಗೆ ವಾಪಸ್ ಇಟ್ಟರು.

“ಏನತ್ತೆ ಇದು, ಅಷ್ಟು ಹೇಳಿದ್ನಲ್ಲ” ಎಂದರು ದೊಡ್ಡಪ್ಪ.

“ಕೊಳಕು ಕಾಸ್ನ ಬಂದೋರ ಕೈಗೆ ಹೆಂಗ್ ಕೊಡಾದು ಕಣಪ್ಪ? ವಯಸ್ಸಾಯ್ತು, ನೀನು ಹೇಳಿದ್ದು ಮರ್ತೇ ಹೋಯ್ತು.”

ದೊಡ್ಡಪ್ಪನಿಗೆ ಪಾಪ ಎನಿಸಿರಬೇಕು. “ಹೋಗ್ಲಿ ಬುಡಿ” ಎಂದು ಕಾಫಿ ಕುಡಿದು ಹೊರಟರು.

ಅವರು ಹೋದ ಮೇಲೆ ಅಜ್ಜಿ ಕಾಲಾಣೆಯನ್ನು ಸೆರಗಿನಲ್ಲಿ ಒರೆಸಿ, ಕಣ್ಣಿಗೆ ಒತ್ತಿಕೊಂಡು, ದೇವರ ಗೂಡಿಗೆ ವಾಪಸ್ ಇಟ್ಟಳು. ಪಕ್ಕದಲ್ಲಿ ನಿಂತು ನಾನೂ ಒಳಗೆ ಇಣುಕಿದೆ. ಹಿತ್ತಾಳೆ ದೀಪ, ಗಂಟೆ, ತಾಮ್ರದ ಚೊಂಬು, ಎಲ್ಲವೂ ಎಂದಿನಂತೆ ಮಸಿ ಹಿಡಿದು ಕಪ್ಪಗೇ ಇದ್ದವು.