ಗೇರಿನ ನೆಪ

“ಇದನ್ನ ಹಾಕ್ಬಿಡು ಭಾವ,” ಎನ್ನುತ್ತ ಮೆಕ್ಯಾನಿಕನ ಸೋದರಮಾವನ ಮಗ ಗೇರೆಣ್ಣೆಯ ಡಬ್ಬವನ್ನು ಅವನ ಮೇಜಿನ ಮೇಲಿಟ್ಟ. ಹೊರಗೆ ಅವನ ಅಪ್ಪನ ಕಾರು ನಿಂತಿತ್ತು. ಹಳೆಯ ಗಾಡಿ, ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವಂಥದ್ದು. ಮುಂದಿನ ಬಂಪರು ಒಂದು ಕಡೆ ಜೋತುಬಿದ್ದಿತ್ತು.

ಮೆಕ್ಯಾನಿಕ್ ಡಬ್ಬ ತಿರುಗಿಸಿ ಓದಿದ. “ಇದು ಈಗಿನ ಕಾರುಗಳದ್ದು ಕಣೋ, ಒಳಗೆ ಬೆಲ್ಟ್ ಇರೋ ಗೇರ್‌ಬಾಕ್ಸಿಗೆ. ಹಳೇದಕ್ಕೆ ಹಾಕಿದ್ರೆ ಒಳಗಿನ ಪ್ಲೇಟುಗಳು ಹಿಡಿತ ಬಿಟ್ಟು ಜಾರ್ತವೆ. ಆಮೇಲೆ ಗಾಡಿ ಗುಜರಿಗೇ.”

“ಗೊತ್ತು. ಅಂಗಡಿಯವನೂ ಅದನ್ನೇ ಹೇಳ್ದ.”

“ಗೊತ್ತಿದ್ದೂ ತಗೊಂಡ್ಯಾ?”

“ಗೊತ್ತಿದ್ದೇ ತಗೊಂಡೆ.” ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಅಪ್ಪನಿಗೆ ಕಣ್ಣು ಕಾಣಲ್ಲ ಭಾವ. ಮೊನ್ನೆ ನಮ್ಮನೆ ಗೇಟಿಗೇ ಗುದ್ದಿದ್ರು. ನನ್ನ ಮಗಳು ಆ ಗೇಟು ಹಿಡ್ಕೊಂಡು ಜೋತಾಡ್ತಿದ್ಲು. ಅವಳಮ್ಮ ಕೂಗಿದ್ಲು ಅಂತ ಆಗಷ್ಟೇ ಇಳಿದು ಒಳಗೆ ಓಡಿದ್ಲು. ಕೇಳಿದ್ರೆ ಗೇರು ತಡವಾಗಿ ಬಿತ್ತು ಅಂತಾರೆ. ಗಾಡಿ ತಾನಾಗೇ ಕೆಟ್ಟು ನಿಂತ್ರೆ ಯಾರೂ ಏನೂ ಹೇಳೋ ಹಾಗೇ ಇಲ್ಲ.”

“ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ನಿನ್ನ ಬಾಯಿಗೇನು ಹತ್ತಿ ತುರುಕಿದಾರಾ? ಅಪ್ಪನಿಗೆ ನೀನು ಹೇಳ್ಬೇಕಾದ ಮಾತನ್ನ ಗೇರ್‌ಬಾಕ್ಸಿನ ಕೈಲಿ ಹೇಳಿಸ್ತೀಯಾ?”

“ಹೇಳಿದೀನಿ. ಊಟ ಬಿಟ್ಟು ಮಲಗಿದ್ರು. ನಿನಗೆ ಧೈರ್ಯ ಇದ್ರೆ ನೀನೇ ಹೇಳು ನೋಡೋಣ.”

ಇಡೀ ಬೀದಿಯನ್ನು ಬೈಯುವ ಮೆಕ್ಯಾನಿಕನ ಬಾಯಿ ಮಾವನೊಬ್ಬನ ಮುಂದೆ ಮಾತ್ರ ಮಡಚಿಕೊಳ್ಳುತ್ತಿತ್ತು. ಅಪ್ಪನಿಲ್ಲದ ಅವನನ್ನು ಸಾಕಿದ್ದು, ಬಡಿದು ಬುದ್ಧಿ ಹೇಳಿದ್ದು, ಈ ಗ್ಯಾರೇಜು ಹಾಕಿಕೊಟ್ಟಿದ್ದು ಎಲ್ಲ ಆ ಮುದುಕನೇ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಅವನಿಗೂ ಬೇಡವಾಗಿತ್ತು. ಆದರೂ ಡಬ್ಬವನ್ನು ಭಾವಮೈದನ ಎದೆಗೆ ಒತ್ತಿದ.

“ತಗೊಂಡು ಹೋಗು. ಗಾಡಿ ನಿಮ್ಮನೆ ಮುಂದೆ ಬಂದು ಸಾಯಲ್ಲ ಕಣೋ ಪೆದ್ದ. ಎದುರಿಗೆ ಲಾರಿ ಬರೋ ಹೊತ್ತಿಗೆ ನಡುರಸ್ತೇಲಿ ಸಾಯತ್ತೆ, ಒಳಗೆ ನಿಮ್ಮಪ್ಪನ್ನ ಕೂರಿಸ್ಕೊಂಡು.”

ಅವನು ಹೋದ ಮೇಲೆ ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮೂಸಿದ. ಎಣ್ಣೆ ಹಳೆಯ ಕಷಾಯದ ಬಣ್ಣಕ್ಕೆ ತಿರುಗಿತ್ತು, ಆದರೆ ಸೀದ ವಾಸನೆ ಇರಲಿಲ್ಲ. ಅಂದರೆ ಪ್ಲೇಟುಗಳು ಇನ್ನೂ ಗಟ್ಟಿ. ಗೇರು ತಡವಾಗುತ್ತಿದ್ದದ್ದೂ ನಿಜ, ಸ್ವಲ್ಪ. ಆ ಸ್ವಲ್ಪದ ಹಿಂದೆ ಮುದುಕ ಅಡಗಿ ಕೂತಿದ್ದಾನೆ ಎನ್ನಿಸಿ ಅವನಿಗೆ ರೇಗಿತು. ಆ ನೆಪವನ್ನೂ ಇಲ್ಲದ ಹಾಗೆ ಮಾಡುತ್ತೇನೆ ಎಂದುಕೊಂಡ.

ಯಾವ ಜಾತಿಯ ಎಣ್ಣೆ ಬೇಕೆಂದು ಕಡ್ಡಿಯ ಹಿಡಿಯ ಮೇಲೆಯೇ ಅಚ್ಚೊತ್ತಿತ್ತು. ಆ ಎಣ್ಣೆ ಸಿಗುವುದೇ ಕಷ್ಟವಾಯಿತು. ಮೊದಲ ಅಂಗಡಿಯವನು, “ಇದು ತಗೊಳ್ಳಿ, ಎಲ್ಲ ಗಾಡಿಗೂ ಆಗತ್ತೆ,” ಎಂದ. “ನಿನ್ನ ಚಪ್ಪಲಿ ಎಲ್ಲರ ಕಾಲಿಗೂ ಆಗತ್ತೇನಯ್ಯಾ?” ಎಂದು ಬೈದು ಬಂದ. ಕೊನೆಗೆ ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನ ಹತ್ತಿರ, ಧೂಳು ಹಿಡಿದ ಕಪಾಟಿನ ತಳದಲ್ಲಿ ಸಿಕ್ಕಿತು. ಹಳೆಯದನ್ನು ಬಸಿದು, ಫಿಲ್ಟರು ಬದಲಿಸಿ, ಹೊಸದನ್ನು ತುಂಬಿ, ಗಾಡಿ ಓಡಿಸಿ, ಮೂಲೆಮೂಲೆಯಲ್ಲಿ ಉಳಿದ ಕೊಳೆಯೂ ಬರಲೆಂದು ಮತ್ತೆ ಬಸಿದು ಮತ್ತೆ ತುಂಬಿದ. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಅದ್ದಿ ಮಟ್ಟ ನೋಡಿದ.

ಸಂಜೆ ಮಾವ ಬಂದು ಸ್ಟೀರಿಂಗಿನ ಮುಂದೆ ಕೂತ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡ. ಗ್ಯಾರೇಜಿನ ಹಿಂದಿನ ಉದ್ದನೆಯ ರಸ್ತೆಯಲ್ಲಿ ಜನರಿರಲಿಲ್ಲ. ಕಾರು ಸೈಕಲ್ಲಿನ ವೇಗದಲ್ಲಿ ಹೊರಟಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬದಲಾಯಿತು.

“ನೋಡ್ದೇನೋ ಅಳಿಯ? ಎಲ್ಲ ಗೇರಿನ ದೋಷ. ನನ್ನ ಮಗ ಒಬ್ಬ, ನನ್ನ ಕಣ್ಣು ತೋರ್ಸಕ್ಕೆ ಕರ್ಕೊಂಡು ಹೋಗ್ತಾನಂತೆ. ಮೊದ್ಲು ಅವನ ತಲೆ ತೋರಿಸ್ಕೊಳ್ಳಲಿ.”

“ಈಗ ಗೇರಲ್ಲಿ ಏನೂ ತೊಂದ್ರೆ ಇಲ್ವಲ್ಲ ಮಾವ?”

“ಒಂದು ಕೂದಲಿನಷ್ಟೂ ಇಲ್ಲ.”

ದೂರದಲ್ಲಿ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಚೀಲ ಹಿಡಿದು ಅರ್ಧ ರಸ್ತೆ ದಾಟಿ ನಿಂತಿದ್ದಳು, ಕಾರು ನಿಧಾನಿಸಲಿ ಎಂದು ಕಾಯುತ್ತ. ಮೆಕ್ಯಾನಿಕ್ ಅವಳನ್ನು ಬಿಟ್ಟು ಆಕ್ಸಿಲರೇಟರಿನ ಮೇಲಿದ್ದ ಮಾವನ ಕಾಲನ್ನೇ ನೋಡತೊಡಗಿದ. ಈಗ ಎತ್ತುತ್ತಾನೆ, ಇನ್ನೊಂದು ಗಳಿಗೆಗೆ ಎತ್ತುತ್ತಾನೆ. ಹೆಂಗಸು ಒಂದು ಚೀಲ ಕೆಳಗಿಟ್ಟು ಕೈ ಬೀಸಿದಳು. ಕಾಲು ಎಲ್ಲಿತ್ತೋ ಅಲ್ಲೇ ಇತ್ತು.

ಮೆಕ್ಯಾನಿಕ್ ಬ್ರೇಕು ಎಳೆದ. ಗಾಡಿ ಕಿರುಚಿ, ಮುಗ್ಗರಿಸಿ ನಿಂತಿತು. ಬಂಪರಿಗೂ ಚೀಲಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಹೆಂಗಸು ಬಾಯಿಗೆ ಬಂದಂತೆ ಬೈದು, ಚೀಲ ಎತ್ತಿಕೊಂಡು ಹೋದಳು.

ಮುದುಕ ಸ್ಟೀರಿಂಗ್ ಬಿಡಲಿಲ್ಲ. ಗೇರಿನ ಕಡೆಗೊಮ್ಮೆ ನೋಡಿದ. ಆಮೇಲೆ ಕೇಳಿದ: “ಆ ಹೆಂಗಸು ಎಲ್ಲಿಂದ ಬಂದ್ಲೋ?”

ಮೆಕ್ಯಾನಿಕನ ದನಿಯಲ್ಲಿ ಯಾವತ್ತಿನ ಸಿಟ್ಟು ಇರಲಿಲ್ಲ.

“ಎಲ್ಲಿಂದ್ಲೂ ಬರ್ಲಿಲ್ಲ ಮಾವ. ಆಗ್ಲಿಂದ ಅಲ್ಲೇ ನಿಂತಿದ್ಲು.”